ಬೆಣ್ಣೆಯಂಥ ಬೇರಿಂಗು

ಬಸ್ ಡಿಪೋದಲ್ಲಿ ನನ್ನ ಹೆಸರು ಯಾರಿಗೂ ಬೇಕಿಲ್ಲ. ಇಪ್ಪತ್ತೆಂಟು ವರ್ಷದಿಂದ ಎಲ್ಲರಿಗೂ ನಾನು ಕಿವಿಯಣ್ಣ. ಬೆಳಿಗ್ಗೆ ಬಸ್ಸುಗಳು ಹೊರಡುವ ಮೊದಲು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಆನಿಸಿ ಕೇಳುವುದು ನನ್ನ ಕೆಲಸ. ಒಳಗೆ ಬೇರಿಂಗು ಸವೆಯುತ್ತಿದ್ದರೆ ಸೊಳ್ಳೆ ಹಾಡಿದ ಹಾಗೆ ಸಣ್ಣಗೆ ಕುಂಯ್‌ಗುಡುತ್ತದೆ. ಕುಂಯ್ ಅಂದರೆ ಬಸ್ಸು ರಿಪೇರಿಗೆ. ಅನ್ನದಿದ್ದರೆ ಪುಸ್ತಕದಲ್ಲಿ ನನ್ನ ಸಹಿ. ಬಸ್ಸು ಶೆಡ್ಡಿನ ಹಿಂದೆ ಡೀಸೆಲ್ ತುಂಬಿಸಿಕೊಂಡು ರಸ್ತೆಗೆ.

ನನಗೀಗ ಐವತ್ತೆರಡು. ಚಾಳೀಸು ಬಂದಾಗ ತಲೆ ಕೆಡಿಸಿಕೊಳ್ಳಲಿಲ್ಲ. ನೆಲದಿಂದ ಏಳುವಾಗ ‘ಅಯ್ಯಮ್ಮಾ’ ಅನ್ನುವುದು ತಾನಾಗಿ ಬಾಯಿಗೆ ಬರತೊಡಗಿತು. ಹೆಂಡತಿ ನಕ್ಕಳು, ನಾನೂ ನಕ್ಕೆ. ಕ್ಷೌರಿಕ ಒಂದು ಮಾತೂ ಕೇಳದೆ ಕಿವಿಯ ಕೂದಲಿಗೆ ಕತ್ತರಿ ಹಾಕಿದ ದಿನ ಮಾತ್ರ ಮೈಯೆಲ್ಲ ಉರಿದುಹೋಯಿತು. ಆದರೂ ಕಣ್ಣು ಹೋಗಲಿ, ಮಂಡಿ ಹೋಗಲಿ, ಕಿವಿ ಗಟ್ಟಿಯಿದೆಯಲ್ಲ ಎಂಬ ಧೈರ್ಯವಿತ್ತು. ಎರಡು ವರ್ಷದಿಂದ ಊಟದ ಹೊತ್ತಿಗೆ ಡಿಪೋದವರಿಗೆಲ್ಲ ಒಂದೇ ಭಾಷಣ ಬಿಗಿಯುತ್ತಿದ್ದೆ: ಹಳೇ ಕಾಲದ ಬೇರಿಂಗು ತಿಂಗಳಿಗೊಂದು ಅಳುತ್ತಿತ್ತು, ಈಗ ಬರುವುದು ನೋಡಿ, ಬೆಣ್ಣೆ. ಯಾರೂ ಎದುರಾಡುತ್ತಿರಲಿಲ್ಲ. ಡಬ್ಬಿಯೊಳಗೆ ಮುಖವಿಟ್ಟು ತಿನ್ನುತ್ತಿದ್ದರು.

ಹೋದ ಶನಿವಾರ ಸಂಜೆ ನೀರಿನ ಬಾಟಲಿ ತೆಗೆಯಲು ಹೊಸ ಫ್ರಿಜ್ಜಿನ ಬಾಗಿಲು ತೆರೆದು ನಿಂತಿದ್ದೆ. ಒಳಕೋಣೆಯಿಂದ ಮಗಳು, ಅದು ಆಗಿನಿಂದ ಹೊಡೆದುಕೊಳ್ಳುತ್ತಿದೆ, ಬಾಗಿಲು ಹಾಕಬಾರದೇ ಎಂದು ರೇಗಿದಳು. ಹೊಡೆದುಕೊಳ್ಳುವುದು ಯಾವುದು ಅಂದೆ. ಅವಳು ಎದ್ದು ಬಂದಳು. ಬಾಗಿಲು ತೆರೆದಿಟ್ಟರೆ ಅದು ಪೀಂ ಪೀಂ ಅನ್ನುತ್ತದಂತೆ. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಅವಳು ನನ್ನನ್ನು ಫ್ರಿಜ್ಜಿಗೆ ಬೆನ್ನು ಹಾಕಿಸಿ ನಿಲ್ಲಿಸಿ, “ಈಗ ಕೇಳಿಸ್ತಾ ಅಪ್ಪ?” ಅಂದಳು.

“ಹೂಂ, ಈಗ ಕೇಳಿಸ್ತು” ಅಂದೆ.

ತಿರುಗಿ ನೋಡಿದರೆ ಬಾಗಿಲು ಮುಚ್ಚಿತ್ತು.

ಬಾಟಲಿ ಹಿಡಿದುಕೊಂಡೇ ಕುರ್ಚಿಯಲ್ಲಿ ಕುಸಿದೆ. ಬೆಣ್ಣೆಯಂಥ ಬೇರಿಂಗು ನೆನಪಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅವಳಿಗಿಂತ ಕಡೆ; ಕೇಳಲಾರದವನು ಎರಡು ವರ್ಷ ಎಂಜಿನ್ನನ್ನೇ ಹೊಗಳಿದ್ದೆ.

ಭಾನುವಾರ ಮಗಳನ್ನು ಡಿಪೋಗೆ ಕರೆದುಕೊಂಡು ಹೋದೆ. ಬೆಟ್ಟದ ದಾರಿಯ ಬಸ್ಸು ಅಂದು ಹೊರಡದೆ ನಿಂತಿತ್ತು, ರಜೆಯಿರಬೇಕು ಅಂದುಕೊಂಡೆ. ಅದನ್ನು ಓಡಿಸುವವನು ನನ್ನ ಇಪ್ಪತ್ತೈದು ವರ್ಷದ ಗೆಳೆಯ. ಹಿಂದಿನ ಬೆಳಿಗ್ಗೆಯಷ್ಟೇ ಅದಕ್ಕೆ ಸಹಿ ಹಾಕಿದ್ದೆ. ಎಂಜಿನ್ ಚಾಲೂ ಮಾಡಿ, ಸ್ಕ್ರೂಡ್ರೈವರನ್ನು ನೀರಿನ ಪಂಪಿಗೆ ಒತ್ತಿ, ಹಿಡಿಯನ್ನು ಮಗಳ ಕಿವಿಗೆ ಆನಿಸಿದೆ.

“ಸಣ್ಣಗೆ ಕುಂಯ್ ಅಂತಿದೆ, ಸೊಳ್ಳೆ ಥರ. ಅದು ಬರ್ಬಾರ್ದಾ?” ಅಂದಳು.

ನಾನು ಕಿವಿ ಕೊಟ್ಟೆ. ಬೆಣ್ಣೆ.

ಪಂಪಿನ ಆ ಬೇರಿಂಗು ಮುರಿದರೆ ಅದರ ಮುಂದೆಯೇ ಕೂರಿಸಿದ ಫ್ಯಾನು ಕಿತ್ತುಕೊಂಡು ರೇಡಿಯೇಟರಿಗೆ ಹೊಡೆದು, ಬಸ್ಸು ಬೆಟ್ಟದ ತಿರುವಿನಲ್ಲಿ ಐವತ್ತು ಜನರನ್ನು ಇಟ್ಟುಕೊಂಡು ನಿಂತುಬಿಡುತ್ತದೆ. ಅದೊಂದನ್ನು ಗುಟ್ಟಾಗಿ ಬದಲಾಯಿಸಿ ಸುಮ್ಮನಿದ್ದುಬಿಡೋಣ ಎಂದೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಮಿಕ್ಕ ಅರವತ್ತು ಬಸ್ಸುಗಳಲ್ಲಿ ಯಾವುದು ಅಳುತ್ತಿದೆಯೋ ನನಗೇನು ಗೊತ್ತು?

ಸೋಮವಾರ ಬಸ್ಸುಗಳು ಬರುವ ಮೊದಲೇ ಡಿಪೋದ ಇನ್‌ಚಾರ್ಜ್ ಮೇಡಂ ಮುಂದೆ ನಿಂತೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಕೂರಿ ಅಂದರು, ಕೂರಲಿಲ್ಲ. ಕಿವಿ ಹೋಗಿದೆ, ನನ್ನ ಸಹಿ ನಂಬಬೇಡಿ, ಬೆಟ್ಟದ ಬಸ್ಸು ನಿಲ್ಲಿಸಿ ಅಂದೆ. ಅವರು ಬೆಚ್ಚಿಬೀಳುತ್ತಾರೆ, ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ನನ್ನನ್ನು ನೋಡದೆ ಪೆನ್ನಿನ ಮುಚ್ಚಳ ಹಾಕಿದರು.

“ಅದರ ಪಂಪು ನಿನ್ನೆ ಸಂಜೆನೇ ಬದಲಾಯ್ಸಿದ್ವಿ ಅಣ್ಣ. ಶನಿವಾರನೇ ಗೊತ್ತಾಗಿತ್ತು. ನೀವು ಸಹಿ ಹಾಕಿದ್ಮೇಲೆ ಶೆಡ್ಡಿನ ಹಿಂದುಗಡೆ ಮೆಷಿನ್ನಲ್ಲಿ ಇನ್ನೊಂದ್ಸಲ ನೋಡ್ತೀವಿ. ಹದಿನಾಲ್ಕು ತಿಂಗಳಾಯ್ತು.”

ನನ್ನ ಕಿವಿಯ ವಿಷಯ ಮೊದಲು ಬಂದು ಹೇಳಿದವನು ನನ್ನ ಗೆಳೆಯನೇ ಅಂತೆ. ಕಿವಿಯಣ್ಣನಿಗೆ ಮಾತ್ರ ಗೊತ್ತಾಗುವುದು ಬೇಡ, ನೊಂದುಕೊಳ್ಳುತ್ತಾನೆ ಎಂದು ಕೈಮುಗಿದನಂತೆ. ಊರಿಗೆಲ್ಲ ಗೊತ್ತಿದ್ದ ಗುಟ್ಟು ಅದು, ನನ್ನೊಬ್ಬನನ್ನು ಬಿಟ್ಟು.

ಬೇರೆ ಏನಾದರೂ ಕೆಲಸ ಕೊಡಿ ಅಂದೆ.

“ಇನ್ನು ಆರೇ ವರ್ಷ ಅಲ್ವಾ, ಹೀಗೇ ನಡೀಲಿ ಬಿಡಿ. ನಮ್ಮಪ್ಪನಿಗೂ ಮನೇಲಿ ಹಿಂಗೇ ಏನಾದ್ರೂ ಒಂದು ಕೊಟ್ಟಿರ್ತೀವಿ. ಪಾಪ, ಹೊತ್ತು ಹೋಗ್ಬೇಕಲ್ಲ.”

ಒಳ್ಳೆಯ ಮನಸ್ಸಿನಿಂದಲೇ ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹೊರಗೆ ಬಂದು ನಲ್ಲಿಯಲ್ಲಿ ಮುಖ ತೊಳೆದೆ, ಸ್ಕ್ರೂಡ್ರೈವರ್ ಎತ್ತಿಕೊಂಡೆ. ಬೇರೆ ಏನು ಮಾಡಬಹುದಿತ್ತೋ ಇವತ್ತಿಗೂ ಹೊಳೆದಿಲ್ಲ.

ಬೆಟ್ಟದ ಬಸ್ಸು ಸಾಲಿನಲ್ಲಿ ಮೊದಲನೆಯದು. ಗೆಳೆಯ ಎಂದಿನಂತೆ ಕಿಟಕಿಯಿಂದ ಬಗ್ಗಿ ಬಸ್ಸಿನ ಮೈ ತಟ್ಟಿ, “ಏನಂತಾಳೋ ನಮ್ಮ ಹುಡ್ಗಿ?” ಅಂದ. ನಾನು ಹಿಡಿಯನ್ನು ಮೂಳೆಗೆ ಆನಿಸಿ, ಎಂದಿನಷ್ಟೇ ಹೊತ್ತು ನಿಂತೆ. ತಲೆಯೆತ್ತಿದಾಗ ಅವನ ನಗು ಅರ್ಧಕ್ಕೇ ನಿಂತಿತ್ತು. ನನಗೆ ತಿಳಿದುಹೋಗಿದೆ ಎಂದು ಅವನಿಗೂ ತಿಳಿಯಿತು. ಆದರೂ ಕೇಳಿದ ಮೇಲೆ ಉತ್ತರ ಕೊಡಬೇಕಲ್ಲ.

“ಚೆನ್ನಾಗಿದಾಳೆ, ಹೋಗು” ಅಂದೆ.

ಸಹಿ ಹಾಕಿದೆ. ಬಸ್ಸು ಶೆಡ್ಡಿನ ಹಿಂದಕ್ಕೆ ತಿರುಗಿತು. ಇಷ್ಟು ದಿನ ಅಲ್ಲಿ ಅಷ್ಟು ಹೊತ್ತಾಗುವುದು ಡೀಸೆಲ್ಲಿಗೆ ಎಂದುಕೊಂಡಿದ್ದೆ. ಮುಂದಿನ ಬಸ್ಸು ಬಂದು ನನ್ನೆದುರು ನಿಂತಿತು.