ಎಡಹುಬ್ಬಿನ ಗಾಯದ ಗುರುತು

ತಮ್ಮನ ಮೇಣದ ಗೊಂಬೆ ನೋಡಲು ನನ್ನನ್ನು ಕರೆದವರು ಮ್ಯೂಸಿಯಂನವರು, ಅವನ ಹೆಂಡತಿಯಲ್ಲ. ಅವಳು ಕರೆಯುವುದುಂಟೇ? ಅವರ ಮದುವೆಯ ದಿನ, "ಈ ಹುಡುಗಿ ನಮ್ಮವನಿಗೆ ತಕ್ಕವಳಲ್ಲ" ಎಂದು ನೆಂಟರ ಮುಂದೆ ನಾಲಿಗೆ ಹರಿಬಿಟ್ಟಿದ್ದೆ. ಅಂದಿನಿಂದ ಹನ್ನೆರಡು ವರ್ಷ, ಅವನು ಸಾಯುವವರೆಗೂ, ನನಗೂ ಅವನಿಗೂ ಮಾತಿರಲಿಲ್ಲ. ಊರಿಗೆಲ್ಲ ಬೇಕಾದ ಗೋಲ್‌ಕೀಪರ್, ಅಕ್ಕನಿಗೆ ಮಾತ್ರ ದಕ್ಕಲಿಲ್ಲ.

ಪೇಟೆ ನಡುವಿನ ಆ ಕಟ್ಟಡದ ಎರಡನೇ ಮಹಡಿಯಲ್ಲಿ ಅವನನ್ನು ನಿಲ್ಲಿಸಿದ್ದರು. ಕೈಗವಸು, ಹಸಿರು ಅಂಗಿ, ಅದೇ ಸೊಟ್ಟ ನಗು. ಅವಳು ಗೊಂಬೆಯ ಆಚೆ ನಿಂತಿದ್ದಳು, ನನ್ನತ್ತ ತಿರುಗಿಯೂ ನೋಡಲಿಲ್ಲ. ಮರುದಿನ ಜನರಿಗೆ ತೋರಿಸುವ ಮೊದಲು ಅವಳ ಒಪ್ಪಿಗೆಯ ಸಹಿ ಬೇಕಿತ್ತು.

"ಎಡಹುಬ್ಬಿನ ಗಾಯದ ಗುರುತೆಲ್ಲಿ?" ಎಂದೆ. ಅದಿಲ್ಲದೆ ಅವನು ನನ್ನ ತಮ್ಮನಾಗಿ ಕಾಣಲೇ ಇಲ್ಲ.

ಗೊಂಬೆ ಮಾಡಿದವನು ಫೋಟೋಗಳನ್ನು ತಿರುವಿ ಹಾಕಿದ. "ಇದ್ರಲ್ಲಿ ಸರಿಯಾಗಿ ಕಾಣ್ಲಿಲ್ಲಮ್ಮ. ಬೇಕಂದ್ರೆ ಹತ್ತು ನಿಮಿಷದಲ್ಲಿ ಕೊರೀತೀನಿ."

"ಹಾಕ್ಬಿಡಿ," ಎಂದಳು ಅವಳು, ಅವನಿಗೆ. "ಚಿಕ್ಕೋರಿದ್ದಾಗ ಮೆಟ್ಟಿಲಿಂದ ಬಿದ್ದಿದ್ರಂತೆ. ಯಾರು ಕೇಳಿದ್ರೂ ಅದನ್ನೇ ಹೇಳೋರು."

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ನಮ್ಮಪ್ಪನ ಗಂಟೇನು ಹೋಗುತ್ತಿತ್ತು? ಆದರೆ ನನ್ನ ತಮ್ಮನ ವಿಷಯ ಇವಳ ಬಾಯಿಂದ ಕೇಳಬೇಕೇ ಎಂದು ಮೈಯೆಲ್ಲ ಉರಿಯಿತು.

"ಯಾವ ಮೆಟ್ಟಿಲು? ನಮ್ಮನೇಲಿ ಮೆಟ್ಟಿಲೇ ಇರ್ಲಿಲ್ಲ. ಸಿಟ್ಟಲ್ಲಿ ನಾನೇ ಬೀಗ ಎಸೆದಿದ್ದು, ಅವನಿಗಾಗ ಏಳು ವರ್ಷ. ಅವನ ವಿಷಯ ನಿನಗೇನು ಗೊತ್ತು?"

ಅಮ್ಮನಿಂದ ನನಗೆ ಏಟು ಬೀಳದಿರಲಿ ಎಂದು ಅಂದು ಅವನು ಬಿದ್ದೆ ಎಂದಿದ್ದ. ನನ್ನ ಮುಖ ನೋಡದ ಹನ್ನೆರಡು ವರ್ಷವೂ ಆ ಸುಳ್ಳನ್ನು ಬಿಟ್ಟುಕೊಟ್ಟಿರಲಿಲ್ಲ.

ಅವಳು ಮೊದಲ ಸಲ ನನ್ನನ್ನು ನೇರವಾಗಿ ನೋಡಿದಳು. ಆಮೇಲೆ ಗೊಂಬೆ ಮಾಡಿದವನತ್ತ ತಿರುಗಿದಳು.

"ಗಾಯ ಬೇಡ. ಮುಖ ಹೀಗೇ ಇರ್ಲಿ."

"ಅದು ನಿಜವಾಗ್ಲೂ ಇತ್ತಲ್ಲ," ಎಂದೆ.

"ಇತ್ತು. ದಿನಾ ಬೆಳಿಗ್ಗೆ ನೋಡ್ತಿದ್ದೆ."

ಅವಳು ಪೆನ್ನು ತೆಗೆದಳು. ನಾನು ಯಾರೆದುರೂ ತಲೆ ಬಗ್ಗಿಸಿದವಳಲ್ಲ, ಆದರೂ ಅವಳ ಕೈ ಹಿಡಿದುಕೊಂಡೆ.

"ಅದೊಂದು ಗುರುತು ಇರ್ಲಮ್ಮ. ನಂದು ಅಂತ ಅವನ ಮೇಲೆ ಇನ್ನೇನೂ ಇಲ್ಲ."

"ಅದಕ್ಕೇ ಬೇಡ ಅಂದಿದ್ದು, ಅತ್ತಿಗೆ," ಎಂದು ಕೈ ಬಿಡಿಸಿಕೊಂಡು ಸಹಿ ಹಾಕಿದಳು.