ಸೀತಾಫಲದ ಸವಿ ಹೇಳಿದವನು

ವರ್ಷಾಕಾಲದ ಕೊನೆಯ ಮೇಘಮಾಲೆ ಸಹ್ಯಾದ್ರಿಯ ನೆತ್ತಿಯಿಂದ ಮೆಲ್ಲನೆ ಸರಿದು, ತೊಳೆದಿಟ್ಟಂಥ ನೀಲಾಕಾಶದಿಂದ ಶರದೃತುವಿನ ಸುವರ್ಣಕಿರಣಗಳು ಪುಣೆಯ ಮೇಲೆ ಧಾರೆಧಾರೆಯಾಗಿ ಇಳಿಯುವ ದಿನಗಳನ್ನು ಕಂಡಿದ್ದೀರಾ, ಸಹೃದಯರೇ? ಬೆಟ್ಟಗಳ ಹಸಿರು ಇನ್ನೂ ಆರಿರುವುದಿಲ್ಲ. ಬಿಸಿಲಿಗೆ ಇನ್ನೂ ಬೇಗೆ ಬಂದಿರುವುದಿಲ್ಲ. ಸಾಸವಡದ ಕಡೆಯಿಂದ ಬುಟ್ಟಿಬುಟ್ಟಿಯಾಗಿ ಬಂದಿಳಿದ ಸೀತಾಫಲಗಳ ಮಂದಮಧುರ ಪರಿಮಳ ನಗರದಂಚಿನ ನಿಗಡಿ ಬಡಾವಣೆಯ ಓಣಿಓಣಿಗಳಲ್ಲಿ ಅಲೆಅಲೆಯಾಗಿ ತೇಲುತ್ತಿರುತ್ತದೆ...

ಆ ಪರಿಮಳ ಅನುಜಾಳಿಗೆ ಮಾತ್ರ ತಿಳಿಯದಾಗಿತ್ತು!

ಧಾರವಾಡದಿಂದ ಮದುವೆಯಾಗಿ ಬಂದ ಎಂಟು ವರ್ಷಗಳಲ್ಲಿ ಅವಳ ಕೈಯ ಐಸ್‌ಕ್ರೀಮು ಇಡೀ ಕಟ್ಟಡಕ್ಕೆ ಪ್ರಿಯವಾಗಿತ್ತು. ಆಷಾಢದಲ್ಲಿ ಬಂದ ಜ್ವರವೊಂದು ಹೋಗುವಾಗ ಅವಳ ಘ್ರಾಣವನ್ನೂ ರುಚಿಯನ್ನೂ ಹೊತ್ತೊಯ್ದಿತು. ಮರಳಬಹುದು, ಮರಳದೆಯೂ ಇರಬಹುದು ಎಂದರು ವೈದ್ಯರು. ಅಂದಿನಿಂದ ಅವಳು ಹಾಲಿನ ಪಾತ್ರೆಯನ್ನೇ ಒಲೆಗೇರಿಸಲಿಲ್ಲ.

ಗಂಡ ಮಧುಕರ ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಉಗ್ರಾಣದ ಗುಮಾಸ್ತ, ಮಿತಭಾಷಿ. ಬಡಿಸಿದ್ದನ್ನು ಉಂಡು "ಹೂಂ" ಎನ್ನುವುದೇ ಅವನ ಪ್ರಶಂಸೆಯ ಪರಾಕಾಷ್ಠೆ! ಅಂಥವನು ಒಂದು ಭಾನುವಾರ ಬುಟ್ಟಿ ತುಂಬ ಸೀತಾಫಲ ತಂದು ಅಡುಗೆಮನೆಯಲ್ಲಿ ಇಳಿಸಿದ.

"ನೀ ಮಾಡು ಅನುಜಾ. ರುಚಿ ಹ್ಯಾಂಗದ ಅಂತ ನಾ ಹೇಳ್ತೀನಿ."

"ನೀವು ಹೇಳ್ತೀರೇನ್ರಿ?" ಎಂದು ಅವಳು ತಿಂಗಳುಗಳ ತರುವಾಯ ನಕ್ಕಳು.

ಹಾಲು ದಂತವರ್ಣಕ್ಕೆ ತಿರುಗುವವರೆಗೆ ಕುದಿದು, ತಣಿಯಿತು. ಬೀಜ ಬಿಡಿಸಿದ ತಿರುಳು ಹಿಮಧವಳ ಕೆನೆಯೊಡನೆ ಬೆರೆಯಿತು. ಅರೆಹೆಪ್ಪುಗಟ್ಟಿದಾಗ ಎರಡು ಬಾರಿ ಹೊರತೆಗೆದು, ಮಂಜಿನ ಹರಳು ಉಳಿಯದಂತೆ ಕಡೆದು, ಮೇಲೆ ಬೆಣ್ಣೆಕಾಗದ ಒತ್ತಿ, ಸ್ಟೀಲಿನ ಡಬ್ಬಿಗಳ ಮುಚ್ಚಳ ಬಿಗಿದು ಫ್ರೀಜರಿನಲ್ಲಿಟ್ಟಳು.

ಮರುದಿನ ಬೆಳಿಗ್ಗೆ ಒಂದು ಡಬ್ಬಿಯ ರುಚಿ ನೋಡಿದ ಮಧುಕರ, ಸಂಜೆ ಹೇಳುವೆನೆಂದು ಕಂಪನಿಯ ಬಸ್ಸಿನ ಅವಸರದಲ್ಲಿ ಮುಚ್ಚಳ ಒತ್ತದೆ ಹೋದ. ಪಕ್ಕದಲ್ಲಿಯೇ ತೆರೆದಿಟ್ಟ ಬೆಳ್ಳುಳ್ಳಿ ಚಟ್ನಿಯ ಬಟ್ಟಲು! ಸಂಜೆ ಮತ್ತೆ ಚಮಚ ಬಾಯಿಗಿಟ್ಟಾಗ ಆ ಮಧುರ ಶೈತ್ಯದ ನಡುವೆ ಬೆಳ್ಳುಳ್ಳಿಯ ಘಾಟು ಹರಡಿತ್ತು. ಎದುರಿಗೆ ನಿರೀಕ್ಷೆಯಿಂದ ಅರಳಿದ್ದ ಹೆಂಡತಿಯ ಮುಖ...

"ಭಾಳ ಚೊಲೋ ಆಗೇದ," ಎಂದುಬಿಟ್ಟ.

ಅವಳು ಆ ಡಬ್ಬಿಯನ್ನು ಹಿಗ್ಗಿನಿಂದ ಮೇಲಂತಸ್ತಿನ ಬೋರಮ್ಮನವರಿಗೆ ಕೊಟ್ಟುಬಂದಳು. ಮರುದಿನ ಸಂಜೆ ಬೋರಮ್ಮ ಅದನ್ನು ಹಿಡಿದುಕೊಂಡೇ ಇಳಿದುಬಂದರು. "ತಪ್ಪು ತಿಳಕೋಬ್ಯಾಡವಾ. ಬಳ್ಳೊಳ್ಳಿ ವಾಸನಿ ಹೊಡೀಲಿಕತ್ತದ."

ಅವರು ಹೋದಮೇಲೆ ಅನುಜಾ ಕೇಳಿದಳು: "ನಿಮಗ ಗೊತ್ತಾಗಲಿಲ್ಲೇನ್ರಿ?"

"ಗೊತ್ತಾತು. ಮುಚ್ಚಳಾ ಸರಿ ಹಾಕದಾಂವನೂ ನಾನ. ನಿನ್ನ ಮಾರಿ ನೋಡಿ ಹೇಳಲಿಕ್ಕೆ ಬಾಯಿ ಬರಲಿಲ್ಲ."

"ನನಗ ಸಮಾಧಾನ ಬೇಕಾಗಿರಲಿಲ್ರಿ. ನಿಮ್ಮ ನಾಲಿಗಿ ಬೇಕಾಗಿತ್ತು. ನಿಮ್ಮನ್ನ ಬಿಟ್ಟು ಇನ್ಯಾರನ್ನ ನಂಬಲಿ?"

ಅವಳ ಕಣ್ಣಿನಿಂದ ನೀರು ಬೀಳಲಿಲ್ಲ. ಅವನನ್ನು ಅದೇ ಹೆಚ್ಚು ಸುಟ್ಟಿತು. ಆ ವಾರವೆಲ್ಲ ಅವಳು ಫ್ರೀಜರಿನ ಬಾಗಿಲನ್ನೇ ತೆರೆಯಲಿಲ್ಲ. ಆದರೆ ಭಾನುವಾರ ಅವಳೇ ಹಣ್ಣು ತಂದಳು. ಅವನು ತಾನಾಗಿ ಬೀಜ ಬಿಡಿಸಲು ಕುಳಿತ. ಮರುದಿನ ಸಂಜೆ ಚಮಚವನ್ನು ಅವನ ಮುಂದೆ ಹಿಡಿದು ನಿಂತಳು, ತೀರ್ಪಿಗೆ ಕಾದವಳಂತೆ.

ಮಧುಕರ ಕಣ್ಮುಚ್ಚಿದ. ತುತ್ತನ್ನು ನಾಲಿಗೆಯ ಮೇಲೆ ಕರಗಲು ಬಿಟ್ಟ.

"ಸಕ್ಕರಿ ಹೆಚ್ಚಾಗೇದ. ಹಣ್ಣು ನಾಚಿಕೊಂಡು ಹಿಂದ ನಿಂತದ, ಕರದ್ರೂ ಮುಂದ ಬರವಲ್ಲದು."

ಅವಳ ತುಟಿಯ ಮೇಲೆ ನಗೆ ಸುಳಿಯಿತು! ಕರಗಿಸಿ, ಇನ್ನಷ್ಟು ತಿರುಳು ಬೆರೆಸಿ, ಮತ್ತೆ ಹೆಪ್ಪಿಗಿಟ್ಟಳು. ಮರುದಿನದ ಸಂಧ್ಯಾರಾಗದಲ್ಲಿ ಅವನು ಮತ್ತೆ ಸವಿದ.

"ಈಗ ಹ್ಯಾಂಗದ್ರಿ?"

"ನಿನ್ನ ನೋಡಲಿಕ್ಕೆ ಧಾರವಾಡಕ್ಕ ಬಂದಿದ್ನಲ್ಲ... ಮಳಿ ಆಗಷ್ಟ ನಿಂತಿತ್ತು. ನೀ ಬಾಗಲಾ ತಗದಿ. ಆವಾಗ ಜೀವಕ್ಕ ಹ್ಯಾಂಗ ತಂಪಾತೋ, ಹಂಗದ."

ಎಂಟು ವರ್ಷಗಳಲ್ಲಿ ಆಡದ ಮಾತು! ಅನುಜಾ ಒಂದು ಚಮಚ ಬಾಯಿಗಿಟ್ಟಳು. ಅವಳಿಗೆ ದೊರೆತದ್ದು ಬರಿಯ ತಂಪು. ಆದರೂ ಕಣ್ಣು ತುಂಬಿ ಬಂತು, ಇನ್ನೊಂದು ಚಮಚ ತೆಗೆದುಕೊಂಡಳು.

ಪ್ರಿಯರನ್ನು ನೋಯಿಸಲಾರದೆ ನುಡಿವ ಸುಳ್ಳಿನಲ್ಲಿ ಪ್ರೀತಿಯಿಲ್ಲವೆಂದಲ್ಲ, ಸಹೃದಯರೇ. ಆದರೆ ಆ ಪ್ರೀತಿ ಅವರನ್ನು ಒಂಟಿಯಾಗಿಸುತ್ತದೆ. ಇದ್ದುದನ್ನು ಇದ್ದಂತೆ ಹೇಳಿ ಜೊತೆಯಲ್ಲಿ ನಿಂತವನ ಮಾತನ್ನಲ್ಲವೇ, ಅವನು ಹೊಗಳಿದಾಗ ಮನಸ್ಸು ಪೂರ್ತಿಯಾಗಿ ನಂಬುವುದು!