ಕರಿಯೆತ್ತಿನ ಟಾಕು

ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ಸುಶೀಲವ್ವ ಬರುವ ಸೋಮವಾರ ಹಿರೇಕೆರೂರಿನ ಹೆಣ್ಣುಮಕ್ಕಳ ಸಾಲೆಗೆ ಕಲಿಸುವ ಅಕ್ಕೋರಾಗಿ ಹಾಜರಾಗಬೇಕಿತ್ತು. ತಡಸದ ಒಕ್ಕಲಿಗ ಮಲ್ಲೇಶಪ್ಪನಿಗೆ ಮಗಳ ನೌಕರಿಯ ಸುದ್ದಿ ಕೇಳಿ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅವಳನ್ನು ವರ್ಷಗಟ್ಟಲೆ ಸಾಲೆಗೆ ಹೊತ್ತೊಯ್ದ ಬಂಡಿಯ ಕರಿಯೆತ್ತು ಹೋದ ವರ್ಷ ಸತ್ತಿತ್ತು. ಅದರ ಕೋಡಿನಿಂದ ತಾನೇ ಮಸಿಯಲ್ಲಿ ಅದ್ದಿ ಬರೆಯುವ ಒಂದು ಟಾಕು ಮಾಡಿ, ಹೊರಡುವ ಮುಂಚೆ ಅವಳ ಕೈಗಿಡಬೇಕೆಂದು ಅವನ ಹಟ.

ಎರಡೂ ಕೋಡು ಹಿಡಿದು ಸವಣೂರಿನಲ್ಲಿ ಕೋಡಿನ ಹಣಿಗೆ ಮಾಡುವ ಉಸ್ಮಾನಸಾಬನ ಬಳಿ ಹೋದ. ಸಾಬ ತಾನೇ ಮಾಡಿಕೊಡುತ್ತೇನೆಂದ. ಮಲ್ಲೇಶಪ್ಪ ಮುಖಕ್ಕೆ ಹೊಡೆದಂತೆ, ತಾ ಮಾಡಿದ್ದು ಉತ್ತಮ, ಆಳು ಮಾಡಿದ್ದು ಹಾಳು ಎಂದುಬಿಟ್ಟ. ಸಾಬ ಗಡ್ಡದಲ್ಲೇ ನಕ್ಕು ಉಳಿ ಕೊಟ್ಟ.

ಕೋಡು ಸಿಕ್ಕಿಸಿ ಕಡೆಯುವ ಚರಕ ತಿರುಗತೊಡಗಿದ್ದೇ ತಡ, ಮಲ್ಲೇಶಪ್ಪ ನೇಗಿಲು ಒತ್ತಿದಂತೆ ಉಳಿ ಒತ್ತಿದ. ಕೂದಲು ಸುಟ್ಟ ವಾಸನೆ ಬಂತು, ಕೋಡು ಫಟ್ಟನೆ ಸೀಳಿತು. ಸಾಬ ಉಳಿದ ಇನ್ನೊಂದು ಕೋಡನ್ನು ಬಿಸಿಲಿಗೆ ಹಿಡಿದು ನೋಡಿ, ಇದರ ತುದಿಯನ್ನು ಯಾರು ಹೆರೆದದ್ದೆಂದು ಕೇಳಿದ. ಮಲ್ಲೇಶಪ್ಪ ಮೀಸೆ ತಿರುವಿದ. ಎತ್ತು ಸಿಂಗರಿಸುವ ಪ್ರತಿ ಕಾರಹುಣ್ಣಿಮೆಗೆ ತಾನೇ ಮುಂದೆ ನಿಂತು ಹೆರೆಸಿದ್ದ. ಅಷ್ಟು ಸಣ್ಣಗೆ ತೀಡಿದ ಕೋಡಿನ ಎತ್ತು ಸುತ್ತ ಹತ್ತೂರಲ್ಲಿ ಇರಲಿಲ್ಲ.

"ಹಂಗಾರ ನಿಮ್ಮ ಮಗಳ ಟಾಕು ವರ್ಷಾ ವರ್ಷಾ ನೀವ ಹೆರೆಸಿ ದನದ ಕಾಲಾಗ ಚೆಲ್ಲೀರಿ, ಗೌಡ್ರ."

ಮೀಸೆಯ ಮೇಲಿನ ಕೈ ಕೆಳಗಿಳಿಯಿತು. ಕೋಡಿನ ತುದಿಯಷ್ಟೇ ಗಟ್ಟಿ, ಉಳಿದದ್ದು ಟೊಳ್ಳು. ಆ ಗಟ್ಟಿಯೂ ಈಗ ನಾಲ್ಕು ಬೆರಳಿನಷ್ಟೇ ಇತ್ತು. ಉಸಿರು ಬಿಗಿಹಿಡಿದು, ಸಾಬ ಹೇಳಿದಂತೆ ಉಳಿಯನ್ನು ಮುಟ್ಟಿಸುತ್ತ ಎತ್ತುತ್ತ ಎರಡು ದಿನ ಕಡೆದ. ಬೂದಿ, ಎಣ್ಣೆ ಹಚ್ಚಿ ತಿಕ್ಕಿದಾಗ ಟಾಕು ಕರ್ರಗೆ ಮಿಂಚಿತು. ಆದರೆ ಗಿಡ್ಡ, ತುಸು ಸೊಟ್ಟ ಬೇರೆ.

ರವಿವಾರ ನಾಚುತ್ತ ಅದನ್ನು ಮಗಳ ಮುಂದಿಟ್ಟ. ಸುಶೀಲವ್ವ ಅದರ ತುದಿಗೆ ಉಕ್ಕಿನ ಮುಳ್ಳು ಸಿಕ್ಕಿಸಿ, ಮಸಿಯ ದೌತಿಯಲ್ಲಿ ಅದ್ದಿ ಬರೆದಳು. ಅಕ್ಷರ ದುಂಡಗೆ ಬಂದವು, ಟಾಕು ಗಿಡ್ಡವಾದ್ದರಿಂದ ಬೆರಳೂ ಮಸಿಯಾದವು. ಅಪ್ಪನ ಮುಖ ಸಪ್ಪಗಾಯಿತು.

"ಮಸಿ ಹತ್ತಿದ್ರ ಏನಾತಪ್ಪ? ನಿನ್ನ ಬೆರಳಾಗ ಮಣ್ಣಿಲ್ಲದ ದಿನಾ ನಾ ಒಂದೂ ನೋಡಿಲ್ಲ," ಎಂದು ಅವಳು ಟಾಕನ್ನು ಸೆರಗಿಗೆ ಕಟ್ಟಿಕೊಂಡಳು. ಮಲ್ಲೇಶಪ್ಪನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಮುಂದಿನ ಕಾರಹುಣ್ಣಿಮೆಗೆ ಕೋಡು ಹೆರೆಯುವವನು ಬಂದಾಗ ಮಲ್ಲೇಶಪ್ಪ ಹೊಸ ಹೋರಿಗೆ ಅಡ್ಡ ನಿಂತ.

"ಇದರ ಕೋಡಿಗೆ ಕೈ ಹಚ್ಚಬ್ಯಾಡೋ. ನನ್ನ ಮೊಮ್ಮಗಳಿಗೆ ಉದ್ದನ್ನ ಟಾಕು ಬೇಕಾಗೇತಿ."

ಮೊಮ್ಮಗಳು ಇನ್ನೂ ಹುಟ್ಟಿಯೇ ಇರಲಿಲ್ಲ.